ವೀಸಾ ಅರ್ಜಿಯನ್ನು ಓದುವುದು ಕಂಪ್ಯೂಟರೋ, ಅಧಿಕಾರಿಯೋ?

ಪ್ರಶ್ನೆ: ನಾನು ಹೊಸದುರ್ಗ ತಾಲ್ಲೂಕಿನ ನಿವೃತ್ತ ಶಾಲಾ ಶಿಕ್ಷಕಿ. ನಮ್ಮ ಯಜಮಾನರು ತೆಂಗಿನ ತೋಟ ನೋಡಿಕೊಳ್ಳುತ್ತಾರೆ. ಮಗಳು ಕೆನಡಾದಲ್ಲಿ ಕೆಲಸದ ಪರವಾನಗಿಯ ಮೇಲಿದ್ದಾಳೆ. ಅವಳ ಬಾಣಂತನಕ್ಕೆ ನಾವಿಬ್ಬರೂ ಹೋಗಬೇಕೆಂದು ವೀಸಾ ಅರ್ಜಿ ಸಿದ್ಧಮಾಡಿಕೊಳ್ಳುತ್ತಿದ್ದೇವೆ. ಈಗ ಅರ್ಜಿಗಳನ್ನು ಮನುಷ್ಯರು ಓದುವುದೇ ಇಲ್ಲ, ಚಿನೂಕ್ ಎಂಬ ಕಂಪ್ಯೂಟರ್ ಎರಡು ನಿಮಿಷದಲ್ಲಿ ತಳ್ಳಿಹಾಕುತ್ತದೆ ಎಂದು ಗುರುತಿನವರೊಬ್ಬರು ಹೇಳುತ್ತಾರೆ. ಊರಿನ ಏಜೆಂಟರೊಬ್ಬರು ‘ಸಾಫ್ಟ್‌ವೇರ್‌ಗೆ ಒಪ್ಪುವ ಹಾಗೆ’ ಅರ್ಜಿ ತುಂಬಿಕೊಡುತ್ತೇನೆಂದು ದೊಡ್ಡ ಮೊತ್ತವನ್ನೇ ಕೇಳುತ್ತಿದ್ದಾರೆ. ಇದರಲ್ಲಿ ಎಷ್ಟು ನಿಜ? ನಾವು ಕಷ್ಟಪಟ್ಟು ಬರೆದ ಪತ್ರವನ್ನು ಯಾರಾದರೂ ಓದುತ್ತಾರೆಯೇ?

ಉತ್ತರ: ಮಾನ್ಯರೇ, ನಿಮ್ಮ ಗುರುತಿನವರ ಮಾತಿನಲ್ಲಿ ಅರ್ಧ ನಿಜವಿದೆ, ಏಜೆಂಟರ ಮಾತಿನಲ್ಲಿ ಅಷ್ಟೂ ಇಲ್ಲ. ಕೆನಡಾದ ಪ್ರವಾಸಿ ವೀಸಾ ಅರ್ಜಿಯನ್ನು ಯಾವ ತಂತ್ರಾಂಶವೂ ತಾನಾಗಿ ತಿರಸ್ಕರಿಸುವುದಿಲ್ಲ, ತಿರಸ್ಕರಿಸಲು ಒಬ್ಬ ಅಧಿಕಾರಿಯೇ ಬೇಕು. ಆದರೆ ನಿಮ್ಮ ಅರ್ಜಿ ಆ ಅಧಿಕಾರಿಯ ಮುಂದೆ ಯಾವ ಸಾಲಿನಲ್ಲಿ ಬರುತ್ತದೆ, ಯಾವ ರೂಪದಲ್ಲಿ ಬರುತ್ತದೆ, ಅದರ ಯಾವ ಭಾಗ ಮೊದಲು ಕಣ್ಣಿಗೆ ಬೀಳುತ್ತದೆ, ಕೊನೆಗೆ ನಿರ್ಧಾರದ ಕಾರಣವನ್ನು ಯಾವ ಮಾತಿನಲ್ಲಿ ಬರೆಯಲಾಗುತ್ತದೆ ಎಂಬುದರಲ್ಲೆಲ್ಲ ತಂತ್ರಾಂಶದ ಕೈ ಇದೆ.

ನೀವು ಶಿಕ್ಷಕಿಯಾಗಿದ್ದವರು, ಆದ್ದರಿಂದ ಬಿಇಒ ಕಚೇರಿಯ ಉದಾಹರಣೆ ನಿಮಗೆ ಬೇಗ ಹಿಡಿಸುತ್ತದೆ. ಬಡ್ತಿಯದೋ ರಜೆಯದೋ ಕಡತಕ್ಕೆ ಸಹಿ ಹಾಕುವವರು ಅಧಿಕಾರಿಗಳೇ, ಕಾನೂನಿನ ಪ್ರಕಾರ ನಿರ್ಧಾರವೂ ಅವರದೇ. ಆದರೆ ಕಡತದ ಮೇಲಿನ ಟಿಪ್ಪಣಿ ಹಾಳೆ ಬರೆಯುವವರು ವಿಷಯ ನಿರ್ವಾಹಕರು. ಅವರು ಯಾವ ನಾಲ್ಕು ಸಂಗತಿಗಳನ್ನು ಎತ್ತಿ ಬರೆದಿದ್ದಾರೋ ಅಧಿಕಾರಿಗಳ ಕಣ್ಣು ಮೊದಲು ಹೋಗುವುದು ಅಲ್ಲಿಗೆ. ಕಡತದೊಳಗಿನ ನಲವತ್ತು ಹಾಳೆಗಳನ್ನು ತಿರುವಿ ನೋಡುವುದು ಸಂಶಯ ಬಂದಾಗ ಮಾತ್ರ. ವೀಸಾ ಇಲಾಖೆಗಳು ಇಂದು ತಂತ್ರಾಂಶಕ್ಕೆ ಒಪ್ಪಿಸಿರುವ ಕೆಲಸ ಬಹುಮಟ್ಟಿಗೆ ಈ ವಿಷಯ ನಿರ್ವಾಹಕರದೇ. ವ್ಯತ್ಯಾಸವೆಂದರೆ, ಬಿಇಒ ಕಚೇರಿಯ ಟಿಪ್ಪಣಿ ಹಾಳೆ ಕಡತದಲ್ಲೇ ಉಳಿಯುತ್ತದೆ. ಇಲ್ಲಿ ಅದರ ಒಂದು ಭಾಗ ಸಂಜೆಗೆ ಅಳಿಸಿಹೋಗುತ್ತದೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಜನ ಚಿನೂಕ್ ಎಂದು ಒಟ್ಟಾಗಿ ಕರೆಯುತ್ತಿರುವುದು ವಾಸ್ತವವಾಗಿ ಮೂರು ಬೇರೆ ಬೇರೆ ಸಂಗತಿಗಳನ್ನು. ಮೊದಲನೆಯದು ಕೆನಡಾದ ವಲಸೆ ಇಲಾಖೆಯ, ಅಂದರೆ ಐಆರ್‌ಸಿಸಿಯ, ಮೂಲ ಕಡತ ಕೋಶ. ಇದಕ್ಕೆ ಜಿಸಿಎಂಎಸ್ ಎಂದು ಹೆಸರು. ನಿಮ್ಮ ಅರ್ಜಿ, ಲಗತ್ತುಗಳು, ಬೆರಳಚ್ಚಿನ ಫಲಿತಾಂಶ, ಹಿಂದೆ ಎಂದಾದರೂ ಅರ್ಜಿ ಹಾಕಿದ್ದರೆ ಅದರ ಚರಿತ್ರೆ, ಅಧಿಕಾರಿಯ ಅಂತಿಮ ಟಿಪ್ಪಣಿ ಎಲ್ಲವೂ ಇರುವುದು ಇದರಲ್ಲಿ. ಎರಡನೆಯದು ಅರ್ಜಿಗಳನ್ನು ವಿಂಗಡಿಸುವ ವ್ಯವಸ್ಥೆ. ಮೂರನೆಯದು ಚಿನೂಕ್. ಎರಡನೆಯದರಲ್ಲಿ ಯಂತ್ರ ಕಲಿಕೆ, ಅಂದರೆ ಹಳೆಯ ಉದಾಹರಣೆಗಳಿಂದ ಕಂಪ್ಯೂಟರ್ ತಾನೇ ನಿಯಮ ಕಂಡುಕೊಳ್ಳುವ ವಿಧಾನ, ಇದೆ. ಮೂರನೆಯದರಲ್ಲಿ ಇಲ್ಲ ಎಂಬುದು ಇಲಾಖೆಯ ಸ್ಪಷ್ಟ ಹೇಳಿಕೆ. ಎರಡನ್ನೂ ಬೆರೆಸಿ ಮಾತಾಡುವುದರಿಂದಲೇ ‘ಕೃತಕ ಬುದ್ಧಿಮತ್ತೆ ನಮ್ಮನ್ನು ತಿರಸ್ಕರಿಸಿತು’ ಎಂಬ ಕಥೆ ಹುಟ್ಟಿಕೊಂಡಿದೆ.

ವಿಂಗಡಣೆಯ ವ್ಯವಸ್ಥೆಯನ್ನು ಕೆನಡಾ ಮೊದಲು ಪ್ರಯೋಗಕ್ಕೆ ಹಚ್ಚಿದ್ದು ನಮ್ಮ ಮೇಲೆಯೇ. 2018ರಲ್ಲಿ ಭಾರತ ಮತ್ತು ಚೀನಾದಿಂದ ಆನ್‌ಲೈನ್ ಮೂಲಕ ಬರುವ ತಾತ್ಕಾಲಿಕ ನಿವಾಸಿ ವೀಸಾ, ಅಂದರೆ ಪ್ರವಾಸಿ ವೀಸಾ, ಅರ್ಜಿಗಳ ಮೇಲೆ ಅದನ್ನು ನಡೆಸಿ ನೋಡಿದರು. 2022ರ ಜನವರಿಯಲ್ಲಿ ಕೆನಡಾದ ಹೊರಗಿನಿಂದ ಬರುವ ಎಲ್ಲ ಪ್ರವಾಸಿ ವೀಸಾ ಅರ್ಜಿಗಳಿಗೂ ವಿಸ್ತರಿಸಿದರು. ಕಾರಣ ಸರಳವಾದದ್ದು: ಅರ್ಜಿಗಳ ರಾಶಿ ಬೆಳೆದಷ್ಟು ವೇಗದಲ್ಲಿ ಅಧಿಕಾರಿಗಳ ಸಂಖ್ಯೆ ಬೆಳೆಯಲಿಲ್ಲ. ಹಿಂದಿನ ಸಾವಿರಾರು ಅರ್ಜಿಗಳನ್ನೂ ಅವುಗಳ ಮೇಲೆ ಅಧಿಕಾರಿಗಳು ಕೊಟ್ಟ ತೀರ್ಮಾನಗಳನ್ನೂ ಯಂತ್ರಕ್ಕೆ ಉಣಿಸಿ, ಅದರಿಂದ ಹೊರಬಂದ ನಿಯಮಗಳಿಗೆ ಅನುಭವಿ ಅಧಿಕಾರಿಗಳು ಹಾಕಿಕೊಟ್ಟ ನಿಯಮಗಳನ್ನೂ ಸೇರಿಸಿ, ಹೊಸದಾಗಿ ಬರುವ ಅರ್ಜಿಯನ್ನು ಮೂರು ಶ್ರೇಣಿಗಳಲ್ಲಿ ಒಂದಕ್ಕೆ ಹಾಕುತ್ತಾರೆ. ಮೊದಲ ಶ್ರೇಣಿಯವು ಸರಳ ಪ್ರಕರಣಗಳು. ಇವುಗಳಿಗೆ ‘ಅರ್ಹತೆ ಇದೆ’ ಎಂಬ ಮುದ್ರೆಯನ್ನು ವ್ಯವಸ್ಥೆಯೇ ಒತ್ತುತ್ತದೆ. ಆದರೆ ಅಪರಾಧ, ಭದ್ರತೆ, ಆರೋಗ್ಯ ಮುಂತಾದ ಕಾರಣಗಳಿಗಾಗಿ ಪ್ರವೇಶ ನಿರಾಕರಿಸಬೇಕೇ ಎಂಬುದನ್ನು ಅಧಿಕಾರಿಯೇ ನೋಡುತ್ತಾರೆ. ಉಳಿದ ಎರಡು ಶ್ರೇಣಿಗಳ ಅರ್ಜಿಗಳಲ್ಲಿ ಅರ್ಹತೆಯನ್ನೂ ಅಧಿಕಾರಿಯೇ ಅಳೆಯುತ್ತಾರೆ. ವ್ಯವಸ್ಥೆ ‘ಒಪ್ಪಿಗೆ’ ಎನ್ನಬಲ್ಲದು, ‘ತಿರಸ್ಕಾರ’ ಎನ್ನಲಾರದು. ತಿರಸ್ಕರಿಸಿ ಎಂಬ ಶಿಫಾರಸನ್ನೂ ಮಾಡಲಾರದು.

ಕಾಗದದ ಮೇಲೆ ಇದು ಅರ್ಜಿದಾರರ ಪರವಾದ ಏರ್ಪಾಡಿನಂತೆಯೇ ಕಾಣುತ್ತದೆ. ಒಂದು ಪಾಲು ಅರ್ಜಿಗಳು ಬೇಗ ದಾಟಿಹೋದರೆ ಕಷ್ಟದ ಪ್ರಕರಣಗಳಿಗೆ ಅಧಿಕಾರಿಗಳ ಸಮಯ ಹೆಚ್ಚು ಸಿಗಬೇಕು. ನನ್ನ ಆತಂಕ ಬೇರೆ ಕಡೆ ಇದೆ. ಯಂತ್ರ ಕಲಿತದ್ದು ಹಿಂದಿನ ತೀರ್ಮಾನಗಳಿಂದ. ಆ ತೀರ್ಮಾನಗಳಲ್ಲಿ ಹಳ್ಳಿಯವರ ಬಗ್ಗೆ, ಆದಾಯ ತೆರಿಗೆ ರಿಟರ್ನ್ಸ್ ಇಲ್ಲದವರ ಬಗ್ಗೆ, ಹಿಂದೆ ವಿದೇಶಕ್ಕೆ ಹೋಗಿ ಬಂದಿರದವರ ಬಗ್ಗೆ ಒಂದು ವಾಲಿಕೆ ಇದ್ದಿದ್ದರೆ ಅದೂ ಕಲಿಕೆಯ ಜೊತೆಗೇ ಬರುತ್ತದೆ. ಎರಡನೆಯದಾಗಿ, ಸುಲಭದ ಅರ್ಜಿಗಳನ್ನೆಲ್ಲ ಮೊದಲೇ ಬೇರೆ ಮಾಡಿಬಿಟ್ಟಾಗ, ಉಳಿದ ರಾಶಿಯನ್ನು ಕೈಗೆತ್ತಿಕೊಳ್ಳುವ ಅಧಿಕಾರಿಗೆ ‘ಇವು ಸುಲಭದವಲ್ಲ’ ಎಂಬ ಸೂಚನೆ ಯಾರೂ ಬಾಯಿಬಿಟ್ಟು ಹೇಳದೆಯೇ ಮುಟ್ಟುತ್ತದೆ. ಇದನ್ನು ತಡೆಯಲು ಇಲಾಖೆ ಕೆಲವು ಕ್ರಮಗಳನ್ನು ಇಟ್ಟುಕೊಂಡಿದೆ. ಯಾವ ನಿಯಮದಿಂದ ಯಾವ ಶ್ರೇಣಿ ಬಂತೆಂಬುದನ್ನು ಅಧಿಕಾರಿಗೆ ತಿಳಿಸುವುದಿಲ್ಲ. ಮೊದಲ ಶ್ರೇಣಿಗೆ ಅರ್ಹವಾದ ಕೆಲವು ಅರ್ಜಿಗಳನ್ನು ಯಾದೃಚ್ಛಿಕವಾಗಿ ಆರಿಸಿ ಅಧಿಕಾರಿಗಳಿಂದ ನೋಡಿಸಿ ಫಲಿತಾಂಶವನ್ನು ಹೋಲಿಸುತ್ತಾರೆ.

ಬ್ರಿಟನ್ನಿನಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು, ಏಕೆಂದರೆ ವಿಂಗಡಣೆ ಎಂಬ ನಿರುಪದ್ರವಿ ಮಾತು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಅಲ್ಲಿನ ಗೃಹ ಇಲಾಖೆ 2015ರಿಂದ ಒಂದು ವಿಂಗಡಣಾ ಸಾಧನವನ್ನು ಬಳಸುತ್ತಿತ್ತು. ಪ್ರತಿ ವೀಸಾ ಅರ್ಜಿಗೂ ಅದು ಕೆಂಪು, ಹಳದಿ, ಹಸಿರು ಎಂಬ ಮೂರು ಬಣ್ಣಗಳಲ್ಲಿ ಒಂದನ್ನು ಹಚ್ಚುತ್ತಿತ್ತು, ಮತ್ತು ಬಣ್ಣ ನಿರ್ಧಾರವಾಗುವ ಅಂಶಗಳಲ್ಲಿ ಅರ್ಜಿದಾರರ ರಾಷ್ಟ್ರೀಯತೆಯೂ ಒಂದಾಗಿತ್ತು. ಕೆಂಪು ಬಿದ್ದ ಅರ್ಜಿಗೆ ಹೆಚ್ಚು ತಪಾಸಣೆ. ಹೆಚ್ಚು ತಪಾಸಣೆಯಿಂದ ಹೆಚ್ಚು ತಿರಸ್ಕಾರ. ಆ ತಿರಸ್ಕಾರಗಳ ಲೆಕ್ಕ ಮತ್ತೆ ಆ ದೇಶದ ಅಪಾಯದ ಅಂಕಕ್ಕೇ ಸೇರ್ಪಡೆ. ಕೋಣ ಗಾಣ ಸುತ್ತಿದಂತೆ ಅದೇ ಜಾಡಿನಲ್ಲಿ ಸುತ್ತು. ವಲಸಿಗರ ಕ್ಷೇಮಕ್ಕಾಗಿ ದುಡಿಯುವ ಜೆಸಿಡಬ್ಲ್ಯುಐ ಎಂಬ ಸಂಸ್ಥೆಯೂ ಫಾಕ್ಸ್‌ಗ್ಲೋವ್ ಎಂಬ ಕಾನೂನು ಸಂಸ್ಥೆಯೂ ಸೇರಿ ಇದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದಾಗ, ವಿಚಾರಣೆ ಮುಗಿಯುವವರೆಗೂ ಕಾಯದೆ ಗೃಹ ಇಲಾಖೆ 2020ರ ಆಗಸ್ಟ್‌ನಲ್ಲಿ ಆ ಸಾಧನವನ್ನು ಕೈಬಿಡುವುದಾಗಿ ಹೇಳಿತು. ಅಲ್ಲಿಯೂ ಕೊನೆಯ ನಿರ್ಧಾರ ಅಧಿಕಾರಿಯದೇ ಆಗಿತ್ತು ಎಂಬುದನ್ನು ಮರೆಯಬಾರದು.

ಕೆನಡಾ ಈ ವಿಷಯದಲ್ಲಿ ಸ್ವಲ್ಪ ಮುಂದಿದೆ ಎನ್ನಬಹುದು. ಅಲ್ಲಿನ ಖಜಾನೆ ಮಂಡಳಿ 2019ರ ಏಪ್ರಿಲ್ 1ರಿಂದ ಜಾರಿಗೆ ತಂದ ಸ್ವಯಂಚಾಲಿತ ನಿರ್ಧಾರಗಳ ನಿರ್ದೇಶನದ ಪ್ರಕಾರ, ಇಂಥ ವ್ಯವಸ್ಥೆಯನ್ನು ಬಳಸುವ ಇಲಾಖೆ ಅದರ ಪರಿಣಾಮವನ್ನು ಒಂದು ಪ್ರಶ್ನಾವಳಿಯ ಮೂಲಕ ಅಳೆದು, ಒಂದರಿಂದ ನಾಲ್ಕರವರೆಗಿನ ಮಟ್ಟ ನಿಗದಿಮಾಡಿ, ಆ ಮೌಲ್ಯಮಾಪನವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಪ್ರವಾಸಿ ವೀಸಾ ವಿಂಗಡಣೆಯದು ಎರಡನೆಯ ಮಟ್ಟ. ಮಗಳಿಗೆ ಆಸಕ್ತಿಯಿದ್ದರೆ ಅದನ್ನು ಸರಕಾರದ ಮುಕ್ತ ಮಾಹಿತಿ ಜಾಲತಾಣದಲ್ಲಿ ಓದಬಹುದು. ಆದರೆ ಯಾವ ಅಂಶಕ್ಕೆ ಎಷ್ಟು ತೂಕ ಎಂಬ ಗುಟ್ಟು ಅದರಲ್ಲಿ ಇಲ್ಲ.

ಇನ್ನು ಚಿನೂಕ್. ನಮ್ಮಲ್ಲಿ ಚಿನೂಕ್ ಎಂದರೆ ವಾಯುಪಡೆಯ ಎರಡು ರೆಕ್ಕೆಚಕ್ರಗಳ ಹೆಲಿಕಾಪ್ಟರ್ ನೆನಪಾಗುತ್ತದೆ. ಕೆನಡಾದ ಆಲ್ಬರ್ಟಾದವರಿಗೆ ಅದು ಚಳಿಗಾಲದ ನಡುವೆ ರಾಕಿ ಪರ್ವತಗಳಿಂದ ಇಳಿದು ಬಂದು ಹಿಮ ಕರಗಿಸುವ ಬೆಚ್ಚನೆಯ ಗಾಳಿ. ವೀಸಾ ಕಚೇರಿಯ ಚಿನೂಕ್ ಮಾತ್ರ ಇಷ್ಟೆಲ್ಲ ಭವ್ಯವಾದ ವಸ್ತುವಲ್ಲ: ಅದು ಮೈಕ್ರೋಸಾಫ್ಟ್ ಎಕ್ಸೆಲ್ ಮೇಲೆ ಕಟ್ಟಿದ ಒಂದು ಸಾಧನ. ನಿಮ್ಮ ಶಾಲೆಯಲ್ಲಿ ಅಂಕಪಟ್ಟಿ ತಯಾರಿಸಲು ಬಳಸುತ್ತಿದ್ದ ಅದೇ ಎಕ್ಸೆಲ್. ಜಿಸಿಎಂಎಸ್‌ನಲ್ಲಿ ಒಂದು ಅರ್ಜಿಯನ್ನು ನೋಡಬೇಕಾದರೆ ಪರದೆಯಿಂದ ಪರದೆಗೆ ದಾಟಬೇಕು, ಪ್ರತಿ ಪರದೆ ತೆರೆಯುವವರೆಗೆ ಕಾಯಬೇಕು. ಈ ನಿಧಾನದಿಂದ ಬೇಸತ್ತ ಇಲಾಖೆಯವರು 2018ರಲ್ಲಿ ತಾವೇ ರೂಪಿಸಿಕೊಂಡ ಉಪಾಯ ಇದು. ಜಿಸಿಎಂಎಸ್‌ನಲ್ಲಿರುವ ಮಾಹಿತಿಯನ್ನು ಅದು ಹೊರಗೆಳೆದು, ಒಂದು ಅರ್ಜಿಗೆ ಒಂದು ಅಡ್ಡಸಾಲಿನಂತೆ ಹಾಳೆಯ ಮೇಲೆ ಹರಡುತ್ತದೆ.

ಆ ಹಾಳೆಯನ್ನು ಸ್ವಲ್ಪ ಹತ್ತಿರದಿಂದ ಕಲ್ಪಿಸಿಕೊಳ್ಳಿ. ಅಧಿಕಾರಿಯ ಪಾಲಿನ ಅರ್ಜಿಗಳು ಒಂದರ ಕೆಳಗೆ ಒಂದು. ನಿಮ್ಮ ಸಾಲಿನಲ್ಲಿ ವಯಸ್ಸು, ಪೌರತ್ವ, ವೈವಾಹಿಕ ಸ್ಥಿತಿ, ಉದ್ಯೋಗ, ಭೇಟಿಯ ಉದ್ದೇಶ, ಹೋಗುವ ದಿನಾಂಕ, ಮರಳುವ ದಿನಾಂಕ, ಕೈಯಲ್ಲಿರುವ ಹಣ ಮುಂತಾದ ಸಂಗತಿಗಳು, ಅಂದರೆ ನೀವು ನಮೂನೆಯಲ್ಲಿ ತುಂಬಿದ ಉತ್ತರಗಳು, ಚೌಕಗಳಾಗಿ ಕೂತಿರುತ್ತವೆ. ಮೂವತ್ತು ವರ್ಷದ ಮೇಷ್ಟ್ರಿಕೆ, ತೋಟದ ತೆಂಗಿನ ಫಸಲು, ಊರಿನಲ್ಲಿರುವ ವಯಸ್ಸಾದ ಅತ್ತೆ, ಯುಗಾದಿಗೆ ಮರಳಿ ಬರಲೇಬೇಕಾದ ಕಾರಣ, ಇವೆಲ್ಲ ನಿಮ್ಮ ಪತ್ರದಲ್ಲಿವೆ. ಆದರೆ ಪತ್ರ ಇರುವುದು ಜಿಸಿಎಂಎಸ್‌ನೊಳಗೆ ಒಂದು ಪಿಡಿಎಫ್ ಆಗಿ. ಅಧಿಕಾರಿಗಳು ದಾಖಲೆಗಳನ್ನು ತೆರೆದು ನೋಡಬೇಕು ಎಂಬುದು ಇಲಾಖೆಯ ನಿಯಮ, ಅವರು ನೋಡುವುದೂ ಉಂಟು. ಆದರೆ ಚೌಕ ಕಣ್ಣ ಮುಂದಿದೆ, ಪತ್ರ ಒಂದು ಕ್ಲಿಕ್ಕಿನ ಆಚೆ ಇದೆ. ಕೆಲಸದ ಒತ್ತಡದಲ್ಲಿ ಆ ಒಂದು ಕ್ಲಿಕ್ಕಿನ ದೂರ ಎಷ್ಟು ದೊಡ್ಡದು ಎಂಬುದು ಕಚೇರಿಯಲ್ಲಿ ಕೂತು ಕಡತ ನೋಡಿದವರಿಗೆಲ್ಲ ಗೊತ್ತು.

ಚಿನೂಕ್‌ನಲ್ಲಿ ಇನ್ನೆರಡು ಸೌಲಭ್ಯಗಳಿವೆ, ವಿವಾದವೆಲ್ಲ ಇವುಗಳ ಸುತ್ತ. ಒಂದು, ಎಚ್ಚರಿಕೆಯ ಪದಗಳು. ಯಾವುದೋ ಒಂದು ಪ್ರದೇಶದಿಂದ ಒಂದೇ ಬಗೆಯ ನಕಲಿ ಕಾಗದಗಳು ಬರುತ್ತಿವೆಯೆಂದು ಗೊತ್ತಾದಾಗ, ಅದಕ್ಕೆ ಸಂಬಂಧಿಸಿದ ಪದಗಳನ್ನು ಪಟ್ಟಿಗೆ ಸೇರಿಸಿದರೆ, ಆ ಪದವಿರುವ ಅರ್ಜಿಗಳ ಮುಂದೆ ಗುರುತು ಬೀಳುತ್ತದೆ. ಇನ್ನೊಂದು, ಟಿಪ್ಪಣಿ ಸಿದ್ಧಪಡಿಸುವ ಅಂಗ. ತಿರಸ್ಕಾರಕ್ಕೆ ರೂಢಿಯಲ್ಲಿರುವ ಕಾರಣಗಳ ಸಿದ್ಧ ವಾಕ್ಯಗಳು ಅದರಲ್ಲಿರುತ್ತವೆ. ಅಧಿಕಾರಿ ತಮಗೆ ಬೇಕಾದವನ್ನು ಆರಿಸಿದರೆ ಟಿಪ್ಪಣಿ ತಯಾರಾಗುತ್ತದೆ, ಅದನ್ನು ತಿದ್ದಲೂಬಹುದು, ಹೆಚ್ಚಿಗೆ ಬರೆಯಲೂಬಹುದು. ಬೇರೆ ಬೇರೆ ಊರಿನ, ಬೇರೆ ಬೇರೆ ಪರಿಸ್ಥಿತಿಯ ಜನರ ತಿರಸ್ಕಾರದ ಕಾರಣಗಳು ಅಕ್ಷರಶಃ ಒಂದೇ ಆಗಿರುವುದೇಕೆ ಎಂದು ಕೆನಡಾದ ವಲಸೆ ವಕೀಲರು ತಲೆ ಕೆರೆದುಕೊಳ್ಳುತ್ತಿದ್ದದ್ದಕ್ಕೆ ಉತ್ತರ ಇಲ್ಲಿತ್ತು. ಫೆಡರಲ್ ನ್ಯಾಯಾಲಯದ ಒಂದು ಅಧ್ಯಯನ ಪರವಾನಗಿ ಪ್ರಕರಣದಲ್ಲಿ ಇಲಾಖೆಯೇ ಸಲ್ಲಿಸಿದ ಪ್ರಮಾಣಪತ್ರದಿಂದ (ಅಫಿಡವಿಟ್‌ನಿಂದ) ಚಿನೂಕ್ ಹೇಗೆ ಕೆಲಸ ಮಾಡುತ್ತದೆ ಎಂಬುದು ವಿವರವಾಗಿ ಹೊರಬಂತು. ಅದೇ ಪ್ರಮಾಣಪತ್ರದಿಂದ ತಿಳಿದ ಇನ್ನೊಂದು ಸಂಗತಿಯೆಂದರೆ, ಅಂತಿಮ ತೀರ್ಮಾನ ಮತ್ತು ಟಿಪ್ಪಣಿ ಜಿಸಿಎಂಎಸ್‌ಗೆ ಸೇರಿದ ಮೇಲೆ, ಅಧಿಕಾರಿ ಕೆಲಸ ಮಾಡಿದ ಎಕ್ಸೆಲ್ ಹಾಳೆಯನ್ನು ಉಳಿಸಿಕೊಳ್ಳುವುದಿಲ್ಲ. ಟಿಪ್ಪಣಿ ಹಾಳೆ ಅಳಿಸಿಹೋಗುತ್ತದೆ ಎಂದು ಆರಂಭದಲ್ಲಿ ಹೇಳಿದ್ದು ಇದನ್ನೇ. ಅಧಿಕಾರಿಯ ಕಣ್ಣ ಮುಂದೆ ಆ ದಿನ ನಿಖರವಾಗಿ ಏನಿತ್ತು, ಯಾವ ಎಚ್ಚರಿಕೆಯ ಗುರುತು ಇತ್ತು ಎಂಬುದನ್ನು ಆಮೇಲೆ ತೋರಿಸುವುದು ಕಷ್ಟ. ಈ ಎಲ್ಲದರಲ್ಲಿ ನನಗೆ ಅತ್ಯಂತ ಆಕ್ಷೇಪಾರ್ಹವಾಗಿ ಕಾಣುವುದು ಯಂತ್ರ ಕಲಿಕೆಯಲ್ಲ, ಈ ಅಳಿಸುವಿಕೆ.

ನ್ಯಾಯಾಲಯ ಏನು ಹೇಳುತ್ತದೆ? ಕೆನಡಾದ ಸುಪ್ರೀಂ ಕೋರ್ಟ್ 2019ರ ವಾವಿಲೋವ್ ತೀರ್ಪಿನಲ್ಲಿ, ಆಡಳಿತಾಧಿಕಾರಿಯ ನಿರ್ಧಾರಕ್ಕೆ ಅರ್ಥವಾಗುವಂಥ, ಪಾರದರ್ಶಕವಾದ, ಸಮರ್ಥನೀಯವಾದ ಕಾರಣವಿರಬೇಕು ಎಂಬ ಅಳತೆಗೋಲನ್ನು ಇಟ್ಟಿದೆ. ಅರ್ಜಿದಾರರು ಕೊಟ್ಟ ಮುಖ್ಯವಾದ ಸಾಕ್ಷ್ಯವನ್ನು ಮುಟ್ಟದೆ ಸಿದ್ಧ ವಾಕ್ಯ ಮಾತ್ರ ಬರೆದಿದ್ದಾಗ ಫೆಡರಲ್ ನ್ಯಾಯಾಲಯ ತೀರ್ಮಾನವನ್ನು ರದ್ದುಮಾಡಿ ಬೇರೊಬ್ಬ ಅಧಿಕಾರಿಗೆ ಮರಳಿಸಿದ ಪ್ರಕರಣಗಳು ಸಾಕಷ್ಟಿವೆ. ಆದರೆ ಚಿನೂಕ್ ಬಳಸಿದರು ಎಂಬುದಷ್ಟೇ ಕಾರಣವಾಗಿ ನಿರ್ಧಾರ ಬಿದ್ದುಹೋಗುವುದಿಲ್ಲ. 2023ರಲ್ಲಿ ಇರಾನಿನ ಅರ್ಜಿದಾರರೊಬ್ಬರ ಕೆಲಸದ ಪರವಾನಗಿ ಪ್ರಕರಣದಲ್ಲಿ ಇದೇ ವಾದ ಬಂದಾಗ, ನಿರ್ಧಾರ ಮಾಡಿದ್ದು ತಂತ್ರಾಂಶವಲ್ಲ, ವೀಸಾ ಅಧಿಕಾರಿ ಎಂದು ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕಾನೂನಿನ ದೃಷ್ಟಿಯಿಂದ ಇದು ಸರಿಯಿರಬಹುದು. ಸಹಿ ಹಾಕಿದವರೇ ಹೊಣೆಗಾರರು. ಟಿಪ್ಪಣಿ ಹಾಳೆಯ ಶಕ್ತಿ ಬಲ್ಲವರಿಗೆ ಮಾತ್ರ ಈ ಉತ್ತರ ಪೂರ್ತಿ ಸಮಾಧಾನ ಕೊಡುವುದಿಲ್ಲ.

ಈಗ ನಿಮ್ಮ ಅರ್ಜಿಯ ವಿಷಯ. ಅಧಿಕಾರಿಯ ಮುಂದಿರುವ ಕಾನೂನಿನ ಪ್ರಶ್ನೆ ಮುಖ್ಯವಾಗಿ ಒಂದೇ. ವಲಸೆ ನಿಯಮಾವಳಿಯ 179ನೆಯ ನಿಯಮದ ಪ್ರಕಾರ, ಅನುಮತಿಸಿದ ಅವಧಿ ಮುಗಿದ ಮೇಲೆ ಇವರು ಕೆನಡಾ ಬಿಟ್ಟು ಹೊರಡುತ್ತಾರೆ ಎಂದು ಅಧಿಕಾರಿಗೆ ಮನವರಿಕೆಯಾಗಬೇಕು. ‘ಭೇಟಿಯ ಉದ್ದೇಶ ತಾತ್ಕಾಲಿಕ ವಾಸಕ್ಕೆ ಹೊಂದುವಂತಿಲ್ಲ’, ‘ಕೆನಡಾದ ಹೊರಗೆ ಗಣನೀಯ ಕೌಟುಂಬಿಕ ಸಂಬಂಧಗಳಿಲ್ಲ’ ಎಂಬ ಅರ್ಥದ ಸಿದ್ಧ ವಾಕ್ಯಗಳೆಲ್ಲ ಈ ಒಂದೇ ಪ್ರಶ್ನೆಗೆ ‘ಆಗಲಿಲ್ಲ’ ಎನ್ನುವ ಬಗೆಗಳು. ಹಾಗಾಗಿ ನಿಮ್ಮ ಉತ್ತರ ಪತ್ರದಲ್ಲಿ ಮಾತ್ರ ಇದ್ದರೆ ಸಾಲದು, ಆದಷ್ಟೂ ಚೌಕಗಳಲ್ಲೇ ಕಾಣಬೇಕು.

ಉದ್ಯೋಗದ ಚೌಕವನ್ನೇ ತೆಗೆದುಕೊಳ್ಳಿ. ನಿಮ್ಮಂಥವರ ಅರ್ಜಿಗಳಲ್ಲಿ ಅಲ್ಲಿ ಬರೀ ‘ನಿವೃತ್ತ’ ಎಂದೋ ‘ಗೃಹಿಣಿ’ ಎಂದೋ ಇರುತ್ತದೆ. ನಿವೃತ್ತ ಎಂಬ ಒಂದೇ ಪದ ಅಧಿಕಾರಿಗೆ ಹೇಳುವುದು ‘ಮರಳಿ ಬರಲು ಕೆಲಸವಿಲ್ಲ’ ಎಂದು. ‘ನಿವೃತ್ತ ಸರಕಾರಿ ಶಿಕ್ಷಕಿ, ಮಾಸಿಕ ಪಿಂಚಣಿ ಇದೆ’ ಎಂದರೆ ಚಿತ್ರವೇ ಬೇರೆ. ಯಜಮಾನರ ಮುಂದೆ ‘ಕೃಷಿಕ’ ಎಂದಷ್ಟೇ ಬರೆಯಬೇಡಿ. ಸ್ವಂತ ತೆಂಗಿನ ತೋಟ, ಇಷ್ಟು ಎಕರೆ ಎಂದು ಸೇರಿಸಿ. ಕೃಷಿ ಆದಾಯಕ್ಕೆ ನಮ್ಮಲ್ಲಿ ಆದಾಯ ತೆರಿಗೆ ಇಲ್ಲದ್ದರಿಂದ, ತೋಟ ಎಷ್ಟೇ ಫಸಲು ಕೊಟ್ಟರೂ ತೆರಿಗೆಯ ಕಾಗದಗಳಲ್ಲಿ ನಿಮ್ಮ ಕುಟುಂಬ ಬಡವಾಗಿ ಕಾಣುವ ಸಾಧ್ಯತೆ ಇದೆ. ಈ ಒಂದು ಸಂಗತಿಯನ್ನು ಪತ್ರದ ಮೊದಲ ಅರ್ಧ ಪುಟದಲ್ಲೇ ಎರಡು ವಾಕ್ಯದಲ್ಲಿ ವಿವರಿಸಿ, ಕೊಬ್ಬರಿ ಮಾರಿದ ಹಣ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟನ್ನು ಜೊತೆಗಿಡಿ. ಪಹಣಿ ಕನ್ನಡದಲ್ಲಿರುತ್ತದೆ. ಇಂಗ್ಲಿಷಿಗೋ ಫ್ರೆಂಚಿಗೋ ಅನುವಾದವಾಗದ ಕಾಗದ ಆ ಅಧಿಕಾರಿಗೆ ಖಾಲಿ ಹಾಳೆಗೆ ಸಮ; ಅನುವಾದ ಮಾಡಿದವರ ಪ್ರಮಾಣಪತ್ರವೂ ಬೇಕು, ಮತ್ತು ಅನುವಾದಕರು ನಿಮ್ಮ ಕುಟುಂಬದವರಾಗಿರಬಾರದು. ನಿಮ್ಮ ಇಂಗ್ಲಿಷ್ ಎಷ್ಟೇ ಚೆನ್ನಾಗಿದ್ದರೂ ಈ ಕೆಲಸಕ್ಕೆ ನೀವೇ ಕೂರಬೇಡಿ.

ಉದ್ದೇಶದ ಪಟ್ಟಿಯಲ್ಲಿ ಬಾಣಂತನ ಎಂಬ ಆಯ್ಕೆ ಇಲ್ಲ, ‘ಕುಟುಂಬ ಭೇಟಿ’ ಎಂಬುದು ಇದೆ. ಅದನ್ನು ಆರಿಸಿ. ನಮ್ಮಲ್ಲಿ ಬಾಣಂತನ ಎಂದೊಡನೆ ಎಷ್ಟು ತಿಂಗಳು, ಯಾಕೆ ತವರಿನವರೇ ಬೇಕು ಎಂಬುದೆಲ್ಲ ಹೇಳದೆ ಅರ್ಥವಾಗುತ್ತದೆ. ಅಲ್ಲಿ ಅದನ್ನು ಬಿಡಿಸಿ ಹೇಳಬೇಕು. ವೈದ್ಯರು ಕೊಟ್ಟ ಹೆರಿಗೆಯ ಅಂದಾಜು ದಿನಾಂಕದ ಪತ್ರ, ಅದಕ್ಕೆ ಹೊಂದುವ ಹೋಗುವ ಮತ್ತು ಮರಳುವ ದಿನಾಂಕಗಳು, ಮಗಳ ಪರವಾನಗಿ ಯಾವಾಗಿನವರೆಗೆ ಇದೆ ಎಂಬುದು, ಈ ಮೂರೂ ಒಂದಕ್ಕೊಂದು ತಾಳೆಯಾಗಬೇಕು. ಪ್ರವಾಸಿಗೆ ಸಾಮಾನ್ಯವಾಗಿ ಒಮ್ಮೆಗೆ ಸಿಗುವುದು ಆರು ತಿಂಗಳು. ಮಗಳು ಕಾಯಂ ನಿವಾಸಿಯೋ ಪ್ರಜೆಯೋ ಆಗಿದ್ದರೆ ತಂದೆತಾಯಿಗಳಿಗೆಂದೇ ಇರುವ ಸೂಪರ್ ವೀಸಾದಲ್ಲಿ ಒಮ್ಮೆಗೆ ಐದು ವರ್ಷದವರೆಗೂ ಇರಬಹುದಿತ್ತು. ಕೆಲಸದ ಪರವಾನಗಿಯಲ್ಲಿರುವವರ ಪೋಷಕರಿಗೆ ಆ ದಾರಿ ಇಲ್ಲ. ನೀವಿಬ್ಬರೂ ಒಟ್ಟಿಗೆ ಹೊರಟರೆ ‘ಊರಿನಲ್ಲಿ ಯಾರು ಉಳಿದರು?’ ಎಂಬ ಪ್ರಶ್ನೆ ಏಳುವುದು ಸಹಜ. ಇನ್ನೊಬ್ಬ ಮಗನೋ ಮಗಳೋ ಊರಲ್ಲಿದ್ದರೆ ಕುಟುಂಬ ಮಾಹಿತಿಯ ನಮೂನೆಯಲ್ಲಿ ಅವರ ಹೆಸರು, ವಿಳಾಸ, ಉದ್ಯೋಗ ಪೂರ್ತಿಯಾಗಿರಲಿ. ತೋಟವನ್ನು ಆ ಅವಧಿಯಲ್ಲಿ ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನೂ ಪತ್ರದಲ್ಲಿ ಬರೆಯಿರಿ.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರು ಸಿಕ್ಕಿಬೀಳುವಷ್ಟು ಬೇರೆ ಯಾರೂ ಬೀಳುವುದಿಲ್ಲವೇನೋ. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿಕೊಂಡು, ಪಿಂಚಣಿ ಪುಸ್ತಕದಲ್ಲಿ ಇನ್ನೊಂದು ರೂಪದಲ್ಲಿ, ಪಹಣಿಯಲ್ಲಿ ‘ಕೋಂ’ ಸೇರಿಕೊಂಡು ಮತ್ತೊಂದು ರೂಪದಲ್ಲಿ ಇರುತ್ತದೆ. ನಮಗೆ ಇವೆಲ್ಲ ಒಬ್ಬರೇ ಎಂದು ಗೊತ್ತು, ತಂತ್ರಾಂಶಕ್ಕೆ ಗೊತ್ತಿಲ್ಲ. ನಮೂನೆಯಲ್ಲಿ ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಬರೆಯಬೇಕು. ಪಾಸ್‌ಪೋರ್ಟಿನಲ್ಲಿ ಕುಟುಂಬದ ಹೆಸರಿನ ಜಾಗ ಖಾಲಿಯಿದ್ದರೆ, ಇರುವ ಹೆಸರನ್ನು ಪೂರ್ತಿಯಾಗಿ ಕುಟುಂಬದ ಹೆಸರಿನ ಚೌಕದಲ್ಲಿ ತುಂಬಿ ಇನ್ನೊಂದು ಚೌಕವನ್ನು ಖಾಲಿ ಬಿಡಬೇಕೆಂಬುದು ಕೆನಡಾದ ಸೂಚನೆ. ಉಳಿದ ದಾಖಲೆಗಳಲ್ಲಿನ ರೂಪಾಂತರಗಳಿಗೆ ನೋಟರಿಯ ಮುಂದೆ ಒಂದು ಅಫಿಡವಿಟ್ ಮಾಡಿಸಿಟ್ಟರೆ ಸಾಕು.

‘ಸಾಫ್ಟ್‌ವೇರ್‌ಗೆ ಒಪ್ಪುವ ಹಾಗೆ’ ಎಂಬ ಏಜೆಂಟರ ಮಾತಿಗೆ ಬರೋಣ. ವಿಂಗಡಣೆಯ ನಿಯಮಗಳು ಹೊರಗಿನವರಿಗೆ ತಿಳಿದಿಲ್ಲ. ಎಚ್ಚರಿಕೆಯ ಪದಗಳ ಪಟ್ಟಿಯೂ ಇಲಾಖೆಯೊಳಗಿನದು. ಆದ್ದರಿಂದ ಅವರು ಮಾರುತ್ತಿರುವ ಗುಟ್ಟು ಅವರ ಬಳಿ ಇಲ್ಲ. ಅವರು ನಿಜಕ್ಕೂ ಮಾಡಬಹುದಾದದ್ದೆಂದರೆ ಚೌಕಗಳಲ್ಲಿ ಚೆಂದ ಕಾಣುವ ಸುಳ್ಳುಗಳನ್ನು ತುಂಬುವುದು: ಇಲ್ಲದ ಉದ್ಯೋಗ, ಒಂದು ವಾರದ ಮಟ್ಟಿಗೆ ಖಾತೆಗೆ ಹಾಕಿಸಿದ ಹಣ, ಹಿಂದಿನ ತಿರಸ್ಕಾರ ಮುಚ್ಚಿಟ್ಟ ಉತ್ತರ. ತಂತ್ರಾಂಶ ನಿಜವಾಗಿ ಚುರುಕಾಗಿರುವುದು ಇಲ್ಲಿಯೇ. ಹಳೆಯ ಅರ್ಜಿಗಳು ಜಿಸಿಎಂಎಸ್‌ನಲ್ಲಿ ಉಳಿದಿರುತ್ತವೆ, ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಜೊತೆ ಕೆನಡಾ ಬೆರಳಚ್ಚಿನ ಆಧಾರದ ಮೇಲೆ ವಲಸೆ ಮಾಹಿತಿಯನ್ನು ಹಂಚಿಕೊಳ್ಳುತ್ತದೆ. ಹಿಂದೆಂದಾದರೂ ಅಮೆರಿಕದ ವೀಸಾ ನಿರಾಕರಣೆಯಾಗಿದ್ದರೆ ಅದನ್ನು ಹೇಳಿಯೇಬಿಡಿ. ಸುಳ್ಳು ಮಾಹಿತಿ ಕೊಟ್ಟದ್ದು ಸಾಬೀತಾದರೆ ಕೆನಡಾದ ವಲಸೆ ಕಾಯ್ದೆಯ 40ನೆಯ ಸೆಕ್ಷನ್ ಪ್ರಕಾರ ಐದು ವರ್ಷ ಆ ದೇಶದ ಬಾಗಿಲು ಮುಚ್ಚುತ್ತದೆ, ಮತ್ತು ಆ ಶಿಕ್ಷೆ ಬೀಳುವುದು ಏಜೆಂಟರ ಮೇಲಲ್ಲ, ಸಹಿ ಮಾಡಿದ ನಿಮ್ಮ ಮೇಲೆ. ಹಣ ಪಡೆದು ಅರ್ಜಿದಾರರನ್ನು ಪ್ರತಿನಿಧಿಸಲು ಆ ಕಾಯ್ದೆಯ ಪ್ರಕಾರ ಅಧಿಕಾರವಿರುವುದು ಅಲ್ಲಿನ ವಕೀಲರ ಸಂಘಗಳಲ್ಲಿ (ಕ್ವಿಬೆಕ್ ಪ್ರಾಂತ್ಯದಲ್ಲಿ ನೋಟರಿಗಳ ಸಂಘದಲ್ಲೂ) ನೋಂದಾಯಿತರಾದವರಿಗೆ ಮತ್ತು ವಲಸೆ ಸಲಹೆಗಾರರ ಕಾಲೇಜು ಎಂಬ ನಿಯಂತ್ರಣ ಸಂಸ್ಥೆಯ ಪರವಾನಗಿ ಇರುವವರಿಗೆ ಮಾತ್ರ. ಅಂಥವರನ್ನು ನೇಮಿಸಿಕೊಂಡರೆ ಪ್ರತಿನಿಧಿಯ ನಮೂನೆಯಲ್ಲಿ ಅವರ ಹೆಸರು ಬರೆಯಲೇಬೇಕು. ‘ನನ್ನ ಹೆಸರು ಬೇಡ, ನೀವೇ ತುಂಬಿದ ಹಾಗೆ ಇರಲಿ’ ಎನ್ನುವವರಿಂದ ದೂರವಿರಿ. ಅರ್ಜಿಯ ಶುಲ್ಕ ತಲಾ 100 ಕೆನಡಾ ಡಾಲರ್, ಬೆರಳಚ್ಚು ಮತ್ತು ಭಾವಚಿತ್ರಕ್ಕೆ ತಲಾ 85. ಬೆರಳಚ್ಚು ಕೊಡಲು ಬೆಂಗಳೂರಿನಲ್ಲಿರುವ, ವೀಸಾ ಅರ್ಜಿ ಸ್ವೀಕರಿಸುವ ವಿಎಫ್‌ಎಸ್ ಎಂಬ ಖಾಸಗಿ ಸಂಸ್ಥೆಯ ಕೇಂದ್ರಕ್ಕೆ ಒಂದು ದಿನ ಹೋಗಿಬಂದರಾಯಿತು. ಅಲ್ಲಿಯ ಸಿಬ್ಬಂದಿಗೆ ನಿರ್ಧಾರದಲ್ಲಿ ಯಾವ ಪಾತ್ರವೂ ಇಲ್ಲ.

ಒಂದು ವೇಳೆ ತಿರಸ್ಕಾರವಾದರೆ ಅದೇ ಕಾಗದಗಳನ್ನು ಮರುದಿನವೇ ಮತ್ತೆ ಕಳುಹಿಸಬೇಡಿ. ಅದೇ ಚೌಕಗಳಿಗೆ ಬಹುಮಟ್ಟಿಗೆ ಅದೇ ಉತ್ತರ ಬರುತ್ತದೆ. ಮೊದಲು ಅಧಿಕಾರಿಯ ಟಿಪ್ಪಣಿಯನ್ನು ಓದಿ. 2025ರ ಜುಲೈ ಕೊನೆಯಿಂದ ಪ್ರವಾಸಿ ವೀಸಾ ಸೇರಿದಂತೆ ಕೆಲವು ಬಗೆಯ ಅರ್ಜಿಗಳ ತಿರಸ್ಕಾರ ಪತ್ರದ ಜೊತೆಗೇ ಈ ಟಿಪ್ಪಣಿಯನ್ನು ಕಳಿಸುವ ಪದ್ಧತಿ ಶುರುವಾಗಿದೆ. ಅದು ಬಾರದಿದ್ದರೆ, ಕೆನಡಾದಲ್ಲಿರುವ ಮಗಳು ನಿಮ್ಮ ಒಪ್ಪಿಗೆ ಪತ್ರದೊಂದಿಗೆ 5 ಡಾಲರ್ ಕಟ್ಟಿ ಅಲ್ಲಿನ ಮಾಹಿತಿ ಹಕ್ಕಿನ ಕಾಯ್ದೆಯಡಿ ಕೇಳಬಹುದು. ಇಲ್ಲವೇ 2022ರ ಜುಲೈನಿಂದ ಕೆನಡಾದ ಹೊರಗಿರುವವರಿಗೂ ತೆರೆದಿರುವ ಖಾಸಗಿತನ ಕಾಯ್ದೆಯಡಿ ನೀವೇ ಶುಲ್ಕವಿಲ್ಲದೆ ಕೇಳಬಹುದು. ಬಂದ ಟಿಪ್ಪಣಿಯಲ್ಲಿ ನಿಮ್ಮ ಪಿಂಚಣಿಯ, ತೋಟದ, ಹೆರಿಗೆಯ ದಿನಾಂಕದ ಪ್ರಸ್ತಾಪ ಇದೆಯೇ ಎಂದು ನೋಡಿ. ಇದ್ದು, ಅವು ಸಾಲವು ಎಂದಿದ್ದರೆ ಯಾವುದು ಸಾಲದೋ ಅದನ್ನು ತುಂಬಿಕೊಟ್ಟು ಹೊಸ ಅರ್ಜಿ ಹಾಕಿ. ಅವುಗಳ ಹೆಸರೇ ಇಲ್ಲದೆ ಯಾರಿಗೆ ಬೇಕಾದರೂ ಹೊಂದುವ ಎರಡು ವಾಕ್ಯಗಳಷ್ಟೇ ಇದ್ದರೆ ಫೆಡರಲ್ ನ್ಯಾಯಾಲಯದ ದಾರಿಯೂ ಇದೆ. ಹೊರದೇಶದಲ್ಲಿ ಆದ ತೀರ್ಮಾನಕ್ಕೆ ಅದರ ಗಡುವು, ನಿರ್ಧಾರ ನಿಮಗೆ ತಿಳಿದ ದಿನದಿಂದ 60 ದಿನ. ಹೆರಿಗೆಯ ದಿನ ಹತ್ತಿರದಲ್ಲಿರುವಾಗ ನ್ಯಾಯಾಲಯಕ್ಕಿಂತ ಹೊಸ ಅರ್ಜಿಯೇ ಬೇಗ ಫಲ ಕೊಟ್ಟೀತು, ಆದರೆ ಯಾವುದಕ್ಕೆ ಹೋದರೂ ಆ ಟಿಪ್ಪಣಿಯ ಪ್ರತಿ ನಿಮ್ಮ ಕೈಯಲ್ಲಿರಲಿ.